ರೊಟ್ಟಿ, ಖಾರ, ಒಂದು ಗ್ಲಾಸ್ ವೈನ್: ಬಳ್ಳಾರಿ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವೈನ್ ಕುಡಿಯುವ ಬಗೆ ಹೇಳಿಕೊಡುವ ಬರಹಗಳಲ್ಲಿ ಹೆಚ್ಚಿನವು ಚಳಿದೇಶದ ಮನೆಯನ್ನೂ ಸಪ್ಪೆ ಊಟವನ್ನೂ ಕಣ್ಣೆದುರು ಇಟ್ಟುಕೊಂಡು ಬರೆದವು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ತಟ್ಟೆಯಲ್ಲಿ ಕೆಂಪು ಖಾರ ಇರುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಸುತ್ತಿ ಸುತ್ತಿ ಎರಡೇ ಮಾತಿಗೆ ಬರುತ್ತವೆ: ಬಾಟಲಿ ಎಷ್ಟು ತಣ್ಣಗಿದೆ, ಊಟ ಎಷ್ಟು ಖಾರವಾಗಿದೆ. ಇದು 21 ವರ್ಷ ತುಂಬಿದವರಿಗೆ ಮಾತ್ರ.

ವೈನ್ ಶಾಪಿನಲ್ಲಿ ಸಿಗೋದೆಲ್ಲ ವೈನೇ ಅಲ್ಲೇನ್ರಿ?

ಅಲ್ಲ. ಹೆಸರು ವೈನ್ ಶಾಪ್, ಒಳಗಿರುವುದು ವಿಸ್ಕಿ, ರಮ್, ಬಿಯರ್. ಎಷ್ಟೋ ಅಂಗಡಿಗಳಲ್ಲಿ ನಿಜವಾದ ವೈನಿಗೆ ಇರುವುದು ಮೂಲೆಯ ಒಂದೇ ಅರೆ, ಅದೂ ಟ್ಯೂಬ್‌ಲೈಟಿನ ಕೆಳಗೆ. ವೈನ್ ಅಂದರೆ ದ್ರಾಕ್ಷಿ ರಸವನ್ನು ಹುದುಗಿಸಿ ಮಾಡಿದ್ದು, ಭಟ್ಟಿ ಇಳಿಸಿದ್ದಲ್ಲ. ಅದರಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 12ರಿಂದ 14 ಶೇಕಡಾ. ವಿಸ್ಕಿಯಲ್ಲಿ ಅದು 42.8.

ಪೋರ್ಟ್ ವೈನ್ ಕುಡಿದಿದ್ದೀವಿ, ಕೆಮ್ಮಿನ ಸಿರಪ್ ಇದ್ದಂಗಿತ್ತು. ಎಲ್ಲಾ ವೈನೂ ಹಂಗೇನಾ?

ಇಲ್ಲ, ಆ ಒಂದು ಬಾಟಲಿಯಿಂದ ವೈನನ್ನೇ ಅಳೆಯಬೇಡಿ. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಪೋರ್ಟ್ ಬಹಳ ಸಿಹಿ, ದಪ್ಪ. ಪೋರ್ಚುಗಲ್‌ನ ಅಸಲಿ ಪೋರ್ಟಿಗೂ ಅದಕ್ಕೂ ಹೆಸರಷ್ಟೇ ಸಮ. ಊಟದ ಜೊತೆ ಕುಡಿಯುವ ವೈನ್ ಬಹುತೇಕ ಸಿಹಿಯಿಲ್ಲದ್ದು. ಅದನ್ನೇ 'ಡ್ರೈ' ಅನ್ನುವುದು. ಸಿಹಿಗೆ ಒಗ್ಗಿದ ನಾಲಿಗೆಗೆ ಮೊದಲ ಗುಟುಕು ಹುಳಿ ಅನ್ನಿಸುವುದು ಸಹಜ. ಅಂಥವರು ನೇರ ರೆಡ್‌ಗೆ ಹೋಗದೆ ಚೆನಿನ್ ಬ್ಲಾಂಕ್ ಎಂಬ ಬಿಳಿ ವೈನಿನಿಂದ ಶುರು ಮಾಡುವುದು ಒಳ್ಳೆಯದು. ಭಾರತದ ಚೆನಿನ್ ಬ್ಲಾಂಕ್‌ಗಳಲ್ಲಿ ಹಲವಕ್ಕೆ ತುಸು ಸಿಹಿ ಇರುತ್ತದೆ.

ನಮ್ಮ ಕಡೆ ದ್ರಾಕ್ಷಿಯಿಂದ ವೈನ್ ಮಾಡ್ತಾರಾ?

ಮಾಡುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ 'ಹಂಪಿ ಹಿಲ್ಸ್' ಹೆಸರಿನಲ್ಲಿ ಕ್ರಿಸ್ಮಾ ಎಸ್ಟೇಟ್ಸ್‌ನ ತೋಟವಿದೆ. ರೆಡ್‌ಗೆ ಕ್ಯಾಬರ್ನೆ ಸಾವಿನ್ಯೋಂ, ಸಾಂಜೊವೇಸೆ, ಬಿಳಿಗೆ ಸಾವಿನ್ಯೋಂ ಬ್ಲಾಂಕ್ ಅಲ್ಲಿನ ದ್ರಾಕ್ಷಿ ತಳಿಗಳು. ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಝಾಂಪಾ ಇದೆ. ಅದರ 'ಲಾ ರಿಸರ್ವ್' ಎಂಬ ರೆಡ್ ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳನ್ನು ಬೆರೆಸಿ ಮಾಡಿದ್ದು. ಮಹಾರಾಷ್ಟ್ರದ ಕಡೆಯಿಂದ ಬರುವ ದೊಡ್ಡ ಹೆಸರುಗಳೆಂದರೆ ನಾಸಿಕ್‌ನ ಸುಲಾ, ಸೊಲ್ಲಾಪುರ ಜಿಲ್ಲೆ ಅಕ್ಲೂಜಿನ ಫ್ರಾಟೆಲ್ಲಿ.

ಇಷ್ಟು ಬಿಸಿಲಲ್ಲಿ ಅದು ಹೇಗೆ ಬೆಳೆಯುತ್ತದೆ ಎಂದು ಕೇಳುವವರು ಬಹಳ. ಗುಟ್ಟು ಚಾಟ್ನಿಯಲ್ಲಿ, ಅಂದರೆ ಬಳ್ಳಿ ಕತ್ತರಿಸುವುದರಲ್ಲಿದೆ. ಬಳ್ಳಿಯನ್ನು ಏಪ್ರಿಲ್ ಸುಮಾರಿಗೆ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಕತ್ತರಿಸುತ್ತಾರೆ. ಎರಡನೇ ಚಾಟ್ನಿಯ ನಂತರ ಬಂದ ಹಣ್ಣು ಚಳಿಗಾಲದಲ್ಲಿ ಮಾಗಿ, ಬೇಸಿಗೆ ಕಾಯುವ ಮೊದಲೇ ಕೊಯ್ಲಿಗೆ ಬರುತ್ತದೆ. ಎರಡು ಸಲ ಕತ್ತರಿಸಿದರೂ ಬೆಳೆ ಒಂದೇ. ಸಂತೆಯಲ್ಲಿ ಸಿಗುವ ಥಾಮ್ಸನ್ ಬೀಜವಿಲ್ಲದ ದ್ರಾಕ್ಷಿ ಈ ಕೆಲಸಕ್ಕೆ ಅಷ್ಟು ಹೊಂದುವುದಿಲ್ಲ. ವೈನ್ ದ್ರಾಕ್ಷಿ ಸಣ್ಣದು, ಬೀಜದ್ದು, ಸಿಪ್ಪೆ ದಪ್ಪ. ಬಣ್ಣ, ಒಗರು ಎರಡೂ ಆ ಸಿಪ್ಪೆ-ಬೀಜದಿಂದಲೇ ಬರಬೇಕು.

ವೈನ್ ಬಾರಿಗೂ ಸಾಮಾನ್ಯ ಬಾರಿಗೂ ಏನು ವ್ಯತ್ಯಾಸ?

ಕರ್ನಾಟಕದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ವೈನನ್ನಷ್ಟೇ ಕೊಡುವ ವೈನ್ ಟಾವರ್ನ್, ವೈನ್ ಬೊಟಿಕ್‌ಗಳಿಗೆ ಬೇರೆ ಲೈಸೆನ್ಸ್ ಕೊಡುವ ದಾರಿಯಾಯಿತು. ಅಂಥದ್ದು ಹತ್ತಿರದಲ್ಲಿ ಇಲ್ಲದಿದ್ದರೆ ಒಳ್ಳೆಯ ಬಾರ್ ಅಂಡ್ ರೆಸ್ಟೋರೆಂಟೇ ಗತಿ, ಅದರಲ್ಲೇನೂ ಕಷ್ಟವಿಲ್ಲ. ಹೋಗಿ ಕುಳಿತ ಮೇಲೆ ಮೂರು ಪ್ರಶ್ನೆ ಕೇಳಿ. ಬಾಟಲಿಯನ್ನು ಎಲ್ಲಿ ಇಟ್ಟಿದ್ದೀರಿ? ಗ್ಲಾಸಿಗೆ ಎಷ್ಟು ಎಂಎಲ್ ಹಾಕುತ್ತೀರಿ? ಗ್ಲಾಸಿನ ಲೆಕ್ಕದಲ್ಲಿ ಕೊಡುವುದಾದರೆ ಆ ಬಾಟಲಿ ಯಾವತ್ತು ತೆಗೆದದ್ದು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಆ ಜಾಗ ಸರಿ. ಮೂರನೆಯದಕ್ಕೆ "ಮೊನ್ನೆ ಇರಬೇಕು ಸರ್" ಅಂದರೆ ಹೊಸ ಬಾಟಲಿಯನ್ನೇ ತೆಗೆಸಿ, ಇಲ್ಲವೇ ಅವತ್ತಿಗೆ ಬಿಯರ್ ಸಾಕು.

ರೆಡ್ ವೈನ್ ಫ್ರಿಜ್ಜಿನಲ್ಲಿ ಇಡಬಾರದು, ರೂಮ್ ಟೆಂಪರೇಚರಿನಲ್ಲೇ ಕುಡಿಯಬೇಕು ಅಂತಾರಲ್ಲ?

ಆ ಮಾತು ಹುಟ್ಟಿದ್ದು 16-18 ಡಿಗ್ರಿ ಇರುವ ಯುರೋಪಿನ ಕೋಣೆಗಳಲ್ಲಿ. ರಾಯಚೂರಿನ ಮೇ ತಿಂಗಳ ಕೋಣೆ 35 ಡಿಗ್ರಿ. ಅಷ್ಟು ಬೆಚ್ಚಗಿನ ರೆಡ್ ವೈನಿನಲ್ಲಿ ಹಣ್ಣಿನ ಪರಿಮಳ ಹಿಂದೆ ಸರಿದು ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತದೆ, ಗಂಟಲು ಸುಡುತ್ತದೆ. "ವೈನ್ ನಮಗೆ ಆಗಿಬರಲಿಲ್ಲ" ಅನ್ನುವವರಲ್ಲಿ ಅರ್ಧಕ್ಕರ್ಧ ಜನ ಕುಡಿದದ್ದು ಇಂಥ ಬಿಸಿ ವೈನನ್ನೇ ಇರಬೇಕು ಎಂಬುದು ನಮ್ಮ ಗುಮಾನಿ.

ನೆನಪಿಡಬೇಕಾದ ಅಳತೆ: ರೆಡ್ 15ರಿಂದ 18 ಡಿಗ್ರಿ, ರೋಸೆ ಎಂಬ ಗುಲಾಬಿ ಬಣ್ಣದ ವೈನ್ ಮತ್ತು ಬಿಳಿ 8ರಿಂದ 12, ನೊರೆಯ ಸ್ಪಾರ್ಕ್ಲಿಂಗ್ 6ರಿಂದ 8. ಥರ್ಮಾಮೀಟರ್ ಬೇಡ, ಗಡಿಯಾರ ಸಾಕು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಆಯಿತು ಅನ್ನುವ ಸಲಹೆಯೂ ತಂಪು ಊರಿನದೇ. ನಮ್ಮ ಬೇಸಿಗೆಯಲ್ಲಿ ಹೊರಗಿದ್ದ ರೆಡ್ ಬಾಟಲಿಗೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಒಂದೂವರೆಯಿಂದ ಎರಡು ಗಂಟೆ ಬೇಕು, ಬಿಳಿಗೆ ನಾಲ್ಕು ಗಂಟೆ. ಬಾರಿನಲ್ಲಿ ಅಷ್ಟು ಹೊತ್ತು ಯಾರು ಕಾಯುತ್ತಾರೆ? ಬಕೆಟ್ ತರಿಸಿ. ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು. ಬಾಟಲಿ ಕುತ್ತಿಗೆಯ ತನಕ ಮುಳುಗಿರಲಿ. ರೆಡ್‌ಗೆ 10 ನಿಮಿಷ, ಬಿಳಿಗೆ 20-25, ಸ್ಪಾರ್ಕ್ಲಿಂಗ್‌ಗೆ ಅರ್ಧ ಗಂಟೆ.

ಇಲ್ಲಿ ಆಗುವ ತಪ್ಪು ಒಂದೇ: ನೀರು ಹಾಕದೆ ಬರೀ ಐಸ್ ತುಂಬುವುದು. ಐಸ್ ಗಡ್ಡೆಗಳ ನಡುವೆ ಗಾಳಿ ಉಳಿಯುತ್ತದೆ, ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ನೀರಿದ್ದರೆ ಗಾಜಿನ ಸುತ್ತಲೂ ತಂಪು ಹತ್ತುತ್ತದೆ. ಉಪ್ಪು ಆ ನೀರನ್ನು ಸೊನ್ನೆಗಿಂತ ಕೆಳಗೆ ಇಳಿಸುತ್ತದೆ. ಫ್ರೀಜರಿನಲ್ಲಿ ಇಟ್ಟು ಮರೆತರೆ ವೈನ್ ಹಿಗ್ಗಿ ಕಾರ್ಕ್ ಹೊರಬರುತ್ತದೆ, ಸ್ಪಾರ್ಕ್ಲಿಂಗ್ ಆದರೆ ಬಾಟಲಿಯೇ ಒಡೆಯಬಹುದು.

ಐಸ್ ಹಾಕಿಕೊಂಡರೆ ತಪ್ಪಾ?

ಮೇ ತಿಂಗಳಲ್ಲಿ ರೋಸೆಗೆ ಎರಡು ತುಂಡು ಹಾಕಿಕೊಂಡರೆ ಯಾರೂ ಬೈಯುವುದಿಲ್ಲ. ಒಳ್ಳೆಯ ರೆಡ್‌ಗೆ ಹಾಕಿದರೆ ಕೊಟ್ಟ ದುಡ್ಡಿಗೆ ನೀರು ಬಿಟ್ಟಂತೆ. ಅದರ ಬದಲು ಗ್ಲಾಸಿಗೆ ಒಮ್ಮೆಗೆ ಸ್ವಲ್ಪವೇ ಬಗ್ಗಿಸಿ, ಬಾಟಲಿ ಬಕೆಟಿನಲ್ಲೇ ಇರಲಿ.

ವೇಟರ್ ಗ್ಲಾಸಿಗೆ ಒಂದು ಗುಟುಕು ಹಾಕಿ ಮುಖ ನೋಡ್ತಾ ನಿಲ್ತಾನೆ. ಏನು ಮಾಡಬೇಕು?

ಬಾಟಲಿ ಕೆಟ್ಟಿದೆಯೋ ಇಲ್ಲವೋ ನೋಡಿ ಹೇಳಿ ಎಂದು ಅದರ ಅರ್ಥ. ಇಷ್ಟವಾಯಿತೇ ಎಂದು ಕೇಳುತ್ತಿಲ್ಲ. ಗ್ಲಾಸನ್ನು ಮೇಜಿನ ಮೇಲೆಯೇ ಎರಡು ಸುತ್ತು ತಿರುಗಿಸಿ, ಮೂಸಿ. ಮುಕ್ಕಾಲು ಪಾಲು ಸಂಗತಿ ಮೂಗಿಗೇ ಗೊತ್ತಾಗುತ್ತದೆ.

ಒದ್ದೆ ರಟ್ಟಿನ ಡಬ್ಬಿ ಅಥವಾ ಮಳೆಗಾಲದ ಗೋಣಿಚೀಲದ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಗಾಳಿಗಿಟ್ಟರೂ ಅದು ಹೋಗುವುದಿಲ್ಲ, ವಾಪಸ್ ಕೊಡಿ. ವಿನೆಗರ್ ಅಥವಾ ಉಗುರಿನ ಬಣ್ಣದ ವಾಸನೆ ಬಂದರೆ ಗಾಳಿ ಹೊಕ್ಕು ಹುಳಿ ಹತ್ತಿದೆ, ಅದೂ ವಾಪಸ್. ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗಿ ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಹಳತಾಗಿದೆ. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಸಿಗುವ ದೋಷ ಮಾತ್ರ ಬೇರೆ: ಬೇಯಿಸಿದ ಹಣ್ಣಿನ, ಸೀದ ಜಾಮಿನ ವಾಸನೆ. ಲಾರಿಯಲ್ಲೋ ಗೋದಾಮಿನಲ್ಲೋ ಬಾಟಲಿ ಬಿಸಿಲು ತಿಂದದ್ದರ ಗುರುತು ಅದು. ಬಾಟಲಿ ತೆಗೆಯುವ ಮೊದಲೇ ಇದನ್ನು ಹಿಡಿಯಬಹುದು. ಕಾರ್ಕ್ ಬಾಯಿಯಿಂದ ತುಸು ಮೇಲೆದ್ದಿದ್ದರೆ, ಕುತ್ತಿಗೆಯ ಹೊದಿಕೆಯ ಕೆಳಗೆ ಅಂಟಂಟು ಇದ್ದರೆ ಬೇರೆ ಬಾಟಲಿ ಕೇಳಿ.

ದೋಷ ಇದ್ದರೆ ಮೊದಲ ಗುಟುಕಿನಲ್ಲೇ ಹೇಳಿ. ಅರ್ಧ ಬಾಟಲಿ ಖಾಲಿ ಮಾಡಿ "ಕೆಟ್ಟಿದೆ" ಅಂದರೆ ಯಾರು ಒಪ್ಪುತ್ತಾರೆ? ಏನೂ ದೋಷವಿಲ್ಲ, ರುಚಿ ಹಿಡಿಸಲಿಲ್ಲ ಅಷ್ಟೇ ಅನ್ನುವುದಾದರೆ ಬಿಲ್ ನಿಮ್ಮದೇ.

ಕಾರ್ಕ್ ಬದಲು ತಿರುಪಿನ ಮುಚ್ಚಳ ಇದ್ದರೆ ಅಗ್ಗದ್ದಾ?

ಅಲ್ಲ. ಭಾರತದ ಎಷ್ಟೋ ಒಳ್ಳೆಯ ವೈನ್ ತಿರುಪಿನ ಮುಚ್ಚಳದಲ್ಲೇ ಬರುತ್ತದೆ. ನಮ್ಮ ಒಣ ಹವೆಗೆ ಅದೇ ವಾಸಿ, ನಿಲ್ಲಿಸಿ ಇಟ್ಟರೂ ಒಣಗಿ ಕುಗ್ಗುವುದಕ್ಕೆ ಅಲ್ಲಿ ಕಾರ್ಕೇ ಇಲ್ಲ.

ಮಿರ್ಚಿ ಭಜಿ ಜೊತೆ ವೈನ್ ನಡೀತದಾ?

ನಡೆಯುತ್ತದೆ, ಯಾವ ವೈನ್ ಎಂಬುದು ಮುಖ್ಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನ ಎಲ್ಲ ಜೋಡಿಗಳಿಗೂ ಇದೇ ಬುನಾದಿ.

ಮೆಣಸಿನಕಾಯಿಯ ಖಾರ ನಾಲಿಗೆಗೆ ರುಚಿಯಲ್ಲ, ಉರಿ. ಆಲ್ಕೋಹಾಲ್ ಆ ಉರಿಯನ್ನು ಹೆಚ್ಚಿಸುತ್ತದೆ. ರೆಡ್ ವೈನಿನ ಒಗರು, ಅಂದರೆ ಕಾಯಿ ನೇರಳೆ ತಿಂದಾಗ ಬಾಯಿ ಹಿಡಿದಂತಾಗುವ ಆ ಗುಣ, ಖಾರದ ಜೊತೆ ಸೇರಿದರೆ ಕಹಿಯಾಗುತ್ತದೆ. ಆದ್ದರಿಂದ 14 ಶೇಕಡಾ ಆಲ್ಕೋಹಾಲಿನ ಒಗರು ಕ್ಯಾಬರ್ನೆಯನ್ನು ಮಿರ್ಚಿಯ ಜೊತೆ ತೆಗೆದುಕೊಂಡರೆ ವೈನೂ ಹಾಳು, ಮಿರ್ಚಿಯೂ ಹಾಳು. ಖಾರವನ್ನು ತಗ್ಗಿಸುವುದು ತುಸು ಸಿಹಿ ಮತ್ತು ತಂಪು. ಕರಿದ ಎಣ್ಣೆಯನ್ನು ನಾಲಿಗೆಯಿಂದ ತೊಳೆಯುವುದು ಹುಳಿ ಮತ್ತು ಗುಳ್ಳೆ.

ಮಿರ್ಚಿ, ಮಂಡಕ್ಕಿ ಒಗ್ಗರಣೆ, ಈರುಳ್ಳಿ ಭಜಿಗೆ ಚೆನ್ನಾಗಿ ತಣಿಸಿದ ಸ್ಪಾರ್ಕ್ಲಿಂಗ್ ಹಿಡಿದರೆ ತಪ್ಪುವುದಿಲ್ಲ. ಅದಿಲ್ಲದಿದ್ದರೆ ಚೆನಿನ್ ಬ್ಲಾಂಕ್. ಸಂಜೆಯ ಹೊತ್ತು ಬಿಸಿ ಮಿರ್ಚಿಯ ಪಕ್ಕ ಗುಳ್ಳೆ ಏಳುವ ಗ್ಲಾಸ್ ಇಟ್ಟುಕೊಂಡವರಿಗೆ ಮತ್ತೆ ಬೇರೆ ಜೋಡಿ ಹೇಳಿಕೊಡಬೇಕಾಗಿಲ್ಲ.

ಜೋಳದ ರೊಟ್ಟಿ, ಎಣಗಾಯಿಗೆ?

ಎಣಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳಿನ ಎಣ್ಣೆಯಂಶ ಇದೆ. ಕೊಬ್ಬಿದ್ದರೆ ರೆಡ್‌ನ ಒಗರು ಮೆತ್ತಗಾಗುತ್ತದೆ. ಹಾಗಾಗಿ ಖಾರ ಹದವಾಗಿದ್ದರೆ ಶಿರಾಜ್ ಇಲ್ಲಿ ಚೆನ್ನಾಗಿ ಕೂರುತ್ತದೆ. ಸುಟ್ಟ ಬದನೆಯ ಗೊಜ್ಜು ಇದ್ದರೆ ಅದರ ಹೊಗೆಗೂ ಶಿರಾಜ್ ಹೊಂದುತ್ತದೆ. ಖಾರ ಜೋರಾಗಿದ್ದರೆ ಶಿರಾಜ್ ಬಿಟ್ಟು ರೋಸೆ ತೆಗೆದುಕೊಳ್ಳಿ. ರೊಟ್ಟಿಗೆ ಬೆಣ್ಣೆ ಸವರಿಕೊಂಡರೆ ವೈನಿಗೂ ನೆರವು. ಆದರೆ ತಟ್ಟೆಯಲ್ಲಿ ಕೆಂಪು ಮೆಣಸಿನಕಾಯಿಯ ರಂಜಕ ಇದ್ದರೆ ಅದನ್ನು ಮುಟ್ಟಿದ ಮೇಲೆ ಹತ್ತು ನಿಮಿಷ ಯಾವ ವೈನೂ ನಾಲಿಗೆಗೆ ತಿಳಿಯುವುದಿಲ್ಲ. ಉಪ್ಪಿನಕಾಯಿಯದೂ ಅದೇ ಕತೆ. ಎರಡಕ್ಕೂ ಮಜ್ಜಿಗೆಯೇ ಸರಿ.

ಪುಂಡಿ ಪಲ್ಯಕ್ಕೆ?

ಹುಳಿ ಊಟಕ್ಕೆ ಅದಕ್ಕಿಂತ ಹುಳಿಯ ವೈನ್ ಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ನೀರಾಗುತ್ತದೆ. ಸಾವಿನ್ಯೋಂ ಬ್ಲಾಂಕ್ ತೆಗೆದುಕೊಳ್ಳಿ. ಅದರಲ್ಲಿರುವ ಹಸಿ ಸೊಪ್ಪಿನ ವಾಸನೆ ಪುಂಡಿಗೂ ಬೆಳ್ಳುಳ್ಳಿ ಒಗ್ಗರಣೆಗೂ ಒಪ್ಪುತ್ತದೆ. ಮಡಕಿ ಕಾಳಿನ ಕೋಸಂಬರಿ, ನಿಂಬೆ ಹಿಂಡಿದ ಸೌತೆಕಾಯಿಗೂ ಇದೇ.

ಬಿರಿಯಾನಿ, ಜವಾರಿ ಕೋಳಿ, ತುಂಗಭದ್ರೆಯ ಮೀನು?

ಮಾಂಸಕ್ಕೆ ರೆಡ್, ಮೀನಿಗೆ ವೈಟ್ ಅನ್ನುವ ಗಾದೆಯನ್ನು ಇಲ್ಲಿ ಅರ್ಧ ಮಾತ್ರ ನಂಬಬಹುದು. ಮೀನಿನ ಅರ್ಧ ನಿಜ: ರೆಡ್ ವೈನಿನಲ್ಲಿರುವ ಕಬ್ಬಿಣದಂಶ ಮೀನಿನ ಎಣ್ಣೆಯ ಜೊತೆ ಸೇರಿ ಬಾಯಲ್ಲಿ ತುಕ್ಕಿನ ರುಚಿ ಬರಿಸುತ್ತದೆ. ಹೊಳೆಮೀನಿನ ಫ್ರೈಗೆ ಬಿಳಿ ಅಥವಾ ಸ್ಪಾರ್ಕ್ಲಿಂಗ್. ಮಾಂಸದ ವಿಷಯದಲ್ಲಿ ಮಾತ್ರ ಮಾಂಸಕ್ಕಿಂತ ಮಸಾಲೆಯನ್ನು ನೋಡಬೇಕು. ಮಟನ್ ಬಿರಿಯಾನಿಗೆ ಹುಳಿ ಹೆಚ್ಚು ಇರುವ ಸಾಂಜೊವೇಸೆಯನ್ನು 15 ಡಿಗ್ರಿಗೆ ತಣಿಸಿ ಕುಡಿದರೆ ಏಲಕ್ಕಿ, ಲವಂಗದ ಪರಿಮಳ ಮೇಲೇಳುತ್ತದೆ. ಜವಾರಿ ಕೋಳಿಯ ಖಾರದ ಸಾರಿಗೆ ರೋಸೆ. ಕೆಂಡದ ಮೇಲೆ ಸುಟ್ಟ ಕಬಾಬು, ಮಸಾಲೆ ಕಡಿಮೆಯ ಚಾಪ್ಸ್ ಇದ್ದರೆ ಆಗ ಕ್ಯಾಬರ್ನೆ ತೆಗೆಸಿ, ಅದರ ಸರದಿ ಆಗಲೇ. ಬಿರಿಯಾನಿಯ ಜೊತೆ ಬರುವ ಮೊಸರು ಬಜ್ಜಿಯನ್ನು ರೆಡ್ ಇರುವಾಗ ಪಕ್ಕಕ್ಕಿಡಿ, ಮೊಸರು ಮತ್ತು ಒಗರು ಒಂದಕ್ಕೊಂದು ಆಗದು.

ಶೇಂಗಾ ಹೋಳಿಗೆ ಜೊತೆ?

ವೈನ್ ತಿಂಡಿಗಿಂತ ಸಿಹಿ ಇರಬೇಕು, ಇಲ್ಲದಿದ್ದರೆ ಹುಣಸೆ ನೀರಿನಂತೆ ಆಗುತ್ತದೆ. ಲೇಟ್ ಹಾರ್ವೆಸ್ಟ್ ಎಂದು ಬರೆದ ಸಿಹಿ ವೈನ್ ಸಣ್ಣ ಗ್ಲಾಸಿನಲ್ಲಿ 50-60 ಎಂಎಲ್ ಸಾಕು.

ಒಂದು ಗ್ಲಾಸ್ ವೈನ್ ಅಂದರೆ ಎಷ್ಟು ಪೆಗ್ಗಿಗೆ ಸಮ? ಲೈಟ್ ಅಲ್ಲವಾ?

ಲೈಟ್ ಅನ್ನುವ ನಂಬಿಕೆಯೇ ಅಪಾಯ. 150 ಎಂಎಲ್ ಗ್ಲಾಸಿನಲ್ಲಿ 13 ಶೇಕಡಾ ಅಂದರೆ 19.5 ಎಂಎಲ್ ಶುದ್ಧ ಆಲ್ಕೋಹಾಲ್. ವಿಸ್ಕಿಯ 30 ಎಂಎಲ್ ಪೆಗ್ಗಿನಲ್ಲಿ ಅದು 12.8. ಅಂದರೆ ಒಂದು ಗ್ಲಾಸ್ ವೈನಿಗೆ ಸುಮಾರು ಒಂದೂವರೆ ಪೆಗ್. ಪೂರ್ತಿ 750 ಎಂಎಲ್ ಬಾಟಲಿಯಲ್ಲಿ 97.5 ಎಂಎಲ್ ಇದೆ, 180 ಎಂಎಲ್ ಕ್ವಾರ್ಟರ್ ವಿಸ್ಕಿಯಲ್ಲಿ 77. "ವೈನಷ್ಟೇ" ಎಂದು ಒಬ್ಬರೇ ಬಾಟಲಿ ಮುಗಿಸಿದವರು ಕ್ವಾರ್ಟರ್ ದಾಟಿ ಹೋಗಿರುತ್ತಾರೆ.

ಆರು ಜನ ಸೇರ್ತೀವಿ, ಎಷ್ಟು ಬಾಟಲಿ ಬೇಕು?

ಒಂದು ಬಾಟಲಿಗೆ ಐದು ಗ್ಲಾಸ್. ತಲೆಗೆ ಎರಡು ಗ್ಲಾಸ್ ಅಂದರೆ ಹನ್ನೆರಡು, ಹಾಗಾಗಿ ಮೂರು ಬಾಟಲಿ. ಮೂರನ್ನೂ ಒಮ್ಮೆಗೇ ತೆಗೆಸಬೇಡಿ. ಕುರುಕಲಿಗೆ ಸ್ಪಾರ್ಕ್ಲಿಂಗ್ ಅಥವಾ ಬಿಳಿ, ಊಟ ಬಂದಾಗ ರೋಸೆ, ಕೊನೆಗೆ ಬೇಕೆನಿಸಿದರೆ ಮಾತ್ರ ರೆಡ್. ಹಗುರದಿಂದ ಭಾರಕ್ಕೆ ಹೋಗಬೇಕು. ಮೊದಲೇ ರೆಡ್ ಕುಡಿದರೆ ಆಮೇಲೆ ಬಂದ ಬಿಳಿ ನೀರೆನಿಸುತ್ತದೆ. ನಾಲ್ಕು ಜನರಿಗಿಂತ ಹೆಚ್ಚಿದ್ದರೆ ಗ್ಲಾಸಿನ ಲೆಕ್ಕಕ್ಕಿಂತ ಬಾಟಲಿಯೇ ಅಗ್ಗ ಬೀಳುವುದು ಸಾಮಾನ್ಯ, ಹಿಂದಿನ ದಿನ ತೆಗೆದಿಟ್ಟದ್ದು ಸಿಗುವ ಭಯವೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಶುರು ಮಾಡಬೇಡಿ. ಪ್ರತಿ ಗ್ಲಾಸಿಗೆ ಒಂದು ಲೋಟ ನೀರು.

ಗುಂಪಿನಲ್ಲಿ ಕುಡಿಯದವರೂ ಇರ್ತಾರಲ್ಲ?

ಇರಲಿ. ಅವರಿಗೆ ಬರೀ ನೀರಿನ ಬಾಟಲಿ ಇಟ್ಟು ಮರೆಯಬೇಡಿ. ಅದೇ ಕಾಲಿನ ಗ್ಲಾಸಿನಲ್ಲಿ ತಣ್ಣನೆಯ ನಿಂಬೆ ಸೋಡಾ ಕೊಟ್ಟರೆ ಮೇಜು ಒಂದೇ ಆಗುತ್ತದೆ. ಶ್ರಾವಣ ಹಿಡಿದವರನ್ನು, ಸೋಮವಾರ ಮುಟ್ಟದವರನ್ನು "ಒಂದೇ ಗುಟುಕು" ಎಂದು ಎಳೆಯುವುದು ಬೇಡ.

ಕಾರ್ಕ್ ತೆಗೆಯುವಾಗ ಮುರಿಯದಂತೆ ಹೇಗೆ?

ಮೊದಲು ಬಾಟಲಿಯ ತುಟಿಯ ಕೆಳಗೆ ಹೊದಿಕೆ ಕತ್ತರಿಸಿ. ಸ್ಕ್ರೂವಿನ ತುದಿಯನ್ನು ಕಾರ್ಕಿನ ನಟ್ಟನಡುವೆ ಚುಚ್ಚಿ, ನೆಟ್ಟಗೆ ನಿಲ್ಲಿಸಿ, ಒಂದು ಸುರುಳಿ ಹೊರಗೆ ಉಳಿಯುವ ತನಕ ತಿರುಗಿಸಿ. ಬದಿಯ ಕೊಕ್ಕೆಯನ್ನು ಬಾಟಲಿಯ ತುಟಿಗೆ ಕೊಟ್ಟು ಮೇಲೆತ್ತಿ, ಕೊನೆಯ ಅರ್ಧ ಅಂಗುಲ ಕೈಯಿಂದ ಮೆಲ್ಲಗೆ ಎಳೆಯಿರಿ. ಮುರಿಯುವುದಕ್ಕೆ ಎರಡು ಕಾರಣ: ಸ್ಕ್ರೂ ಓರೆಯಾಗಿ ಹೋಗಿರುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲಿಸಿ ಎಳೆದಿರುತ್ತಾರೆ. ಮುರಿದೇ ಹೋದರೆ ಉಳಿದ ತುಂಡಿಗೆ ಓರೆಯಾಗಿ ಚುಚ್ಚಿ ನೋಡಿ. ಬಾರದಿದ್ದರೆ ಒಳಗೆ ತಳ್ಳಿ, ಚಹಾ ಸೋಸುವ ಜರಡಿಯಲ್ಲಿ ಸೋಸಿ. ವೈನಿಗೆ ಏನೂ ಆಗುವುದಿಲ್ಲ.

ಸ್ಪಾರ್ಕ್ಲಿಂಗ್ ಮಾತ್ರ ಹುಷಾರು. ಒಳಗಿನ ಒತ್ತಡ ಕಾರಿನ ಟೈರಿನ ಎರಡು-ಮೂರು ಪಟ್ಟು ಇರುತ್ತದೆ. ತಂತಿ ಬಿಚ್ಚಿದ ಕ್ಷಣದಿಂದ ಹೆಬ್ಬೆರಳು ಕಾರ್ಕಿನ ಮೇಲೆ ಇರಬೇಕು, ಬಾಟಲಿ ಯಾರ ಮುಖದ ಕಡೆಗೂ ಇರಬಾರದು. ಕಾರ್ಕನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಸದ್ದು 'ಡಬ್' ಅನ್ನಬಾರದು, 'ಸ್ಸ್' ಅನ್ನಬೇಕು. ಅಲ್ಲಾಡಿಸಿ ಚಿಮ್ಮಿಸುವುದು ಕ್ರಿಕೆಟ್ ಗೆದ್ದವರಿಗೆ ಇರಲಿ.

ಉಳಿದರೆ ಎಷ್ಟು ದಿನ ಇರುತ್ತೆ?

ಮುಚ್ಚಿ ಫ್ರಿಜ್ಜಿನಲ್ಲಿ ನಿಲ್ಲಿಸಿದರೆ ರೆಡ್, ಬಿಳಿ ಎರಡೂ ಮೂರು ದಿನ. ಸ್ಪಾರ್ಕ್ಲಿಂಗ್ ಮರುದಿನವೇ ಮುಗಿಸಿ. ಹೊರಗೆ ಅಟ್ಟದ ಮೇಲೆ ಇಟ್ಟರೆ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿ ಹತ್ತಬಹುದು. ಒಡೆಯದ ಬಾಟಲಿಯನ್ನೂ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ನಾವು ಸಸ್ಯಾಹಾರಿಗಳು, ವೈನ್ ನಡೆಯುತ್ತಾ?

ಅದರಲ್ಲಿರುವುದು ದ್ರಾಕ್ಷಿ, ಯೀಸ್ಟ್; ಮಾಂಸದ್ದೇನೂ ಇಲ್ಲ. ಆದರೆ ತಿಳಿಯಾಗಿಸುವಾಗ ಕೆಲವರು ಮೊಟ್ಟೆಯ ಬಿಳಿ, ಜೆಲಟಿನ್ ಅಥವಾ ಮೀನಿನ ಅಂಟು ಬಳಸುತ್ತಾರೆ, ಹಲವರು ಬೆಂಟೊನೈಟ್ ಎಂಬ ಜೇಡಿ. ಕಟ್ಟುನಿಟ್ಟಿನವರು ಲೇಬಲ್ ನೋಡಿ, ತಯಾರಕರನ್ನೇ ಕೇಳಿ.

ರೆಡ್ ವೈನ್ ಹೃದಯಕ್ಕೆ ಒಳ್ಳೆಯದಂತೆ?

ಔಷಧಿ ಎಂದು ಕುಡಿಯಬೇಡಿ. ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಗರ್ಭಿಣಿಯರು ಮುಟ್ಟಲೇಬಾರದು. ಸಕ್ಕರೆ ಕಾಯಿಲೆಗೆ, ನಿದ್ದೆಗೆ ಮಾತ್ರೆ ತೆಗೆದುಕೊಳ್ಳುವವರು, ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್ ಕೋರ್ಸಿನಲ್ಲಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಮರುದಿನದ ತಲೆನೋವಿಗೆ, ವೈನ್ ಕೆಡದಂತೆ ಹಾಕುವ ಸಲ್ಫೈಟನ್ನು ಬೈಯುವವರು ಬಹಳ, ಆದರೆ ರೆಡ್‌ಗಿಂತ ಬಿಳಿಯಲ್ಲೇ ಅದು ಸಾಮಾನ್ಯವಾಗಿ ಹೆಚ್ಚು. ಬಿಸಿಲಲ್ಲಿ ಬೆವರಿ ಬಂದು ನೀರು ಕುಡಿಯದೆ ಮೂರು ಗ್ಲಾಸ್ ಇಳಿಸಿದ್ದನ್ನು ಮೊದಲು ನೆನಪಿಸಿಕೊಳ್ಳಿ.

ಎರಡೇ ಗ್ಲಾಸ್ ಆದರೆ ಬೈಕ್ ಓಡಿಸಬಹುದಾ? ಗುಂತಕಲ್ ಕಡೆ ಹೋಗುವಾಗ ಒಂದು ಬಾಟಲಿ ಒಯ್ಯಬಹುದಾ?

ಓಡಿಸಬೇಡಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಎರಡು ಗ್ಲಾಸಿಗೆ ಹೆಚ್ಚಿನವರು ಅದನ್ನು ದಾಟಿರುತ್ತಾರೆ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ವಾಪಸ್ ಬಿಡುವ ಆಟೋದವರ ನಂಬರನ್ನು ಬಾಟಲಿ ತೆಗೆಸುವ ಮೊದಲೇ ಮಾತಾಡಿ ಇಟ್ಟುಕೊಳ್ಳಿ, ರಾತ್ರಿ ಹನ್ನೊಂದಕ್ಕೆ ಹುಡುಕಿದರೆ ಸಿಗುವುದು ಕಷ್ಟ. ಇನ್ನು ಬಾಟಲಿಯ ಮಾತು: ಬಳ್ಳಾರಿಯಿಂದ ಗುಂತಕಲ್, ರಾಯಚೂರಿನಿಂದ ಗದ್ವಾಲ್ ಬಹಳ ದೂರವಲ್ಲದಿದ್ದರೂ ರಾಜ್ಯ ಬೇರೆ, ಅಬಕಾರಿ ತೆರಿಗೆ ಬೇರೆ. ಆಯಾ ರಾಜ್ಯದ ನಿಯಮ ತಿಳಿಯದೆ ಗಡಿ ದಾಟಿಸಬೇಡಿ. ಅಕ್ಟೋಬರ್ 2ಕ್ಕೆ, ಮತದಾನದ ದಿನಕ್ಕೆ, ಅದರ ಹಿಂದಿನ ದಿನಕ್ಕೆ ಮೇಜು ಕಾದಿರಿಸಲು ಹೋಗಬೇಡಿ, ಬಾಗಿಲು ಹಾಕಿರುತ್ತದೆ.